ಹದಿನಾರನೇ ಬಾಯಿಯ ಮೇಲಿನ ಜಾಗ

ಕೂತಲ್ಲಿ ಕೂರದ, ನಿಂತಲ್ಲಿ ನಿಲ್ಲದ ಮನುಷ್ಯನಿಗೆ ಕೂರುವುದೇ ಕೆಲಸವಾಗಿ ಸಿಕ್ಕರೆ ಏನಾಗುತ್ತೆ ಅಂತ ತಿಳಿಯಬೇಕಾದರೆ ಈ ಫುಟ್‌ಬಾಲ್ ಗ್ರೌಂಡಿನ ಚಕ್ರಣ್ಣನನ್ನು ನೋಡಬೇಕು. ಮನೆಯವರು ಇಟ್ಟ ಹೆಸರು ಬೇರೆ ಇದೆ, ಆದರೆ ಅದು ಸಂಬಳದ ಚೀಟಿಯಲ್ಲಿ ಬಿಟ್ಟರೆ ಇನ್ನೆಲ್ಲೂ ಬಳಕೆಯಲ್ಲಿಲ್ಲ. ಕಾಲಿಗೆ ಚಕ್ರ ಕಟ್ಟಿಕೊಂಡವನ ಹಾಗೆ ಇಡೀ ದಿನ ಸುತ್ತುತ್ತಾನೆ ಅಂತ ಗೇಟಿನವನು ಯಾವತ್ತೋ ಕರೆದದ್ದು ಹಾಗೇ ಅಂಟಿಕೊಂಡಿತು.

ಗ್ರೌಂಡಿನಲ್ಲಿ ಹನ್ನೊಂದು ಸಾವಿರದ ನಾನೂರು ಪ್ಲಾಸ್ಟಿಕ್ ಕುರ್ಚಿಗಳಿವೆ. ಅಷ್ಟಕ್ಕೂ ಅವನೊಬ್ಬನೇ ಯಜಮಾನ, ಅವನೊಬ್ಬನೇ ಆಳು. ಸೀಸನ್ ಶುರುವಾಗುವ ಮೊದಲು ಒಂದನ್ನೂ ಬಿಡದೆ ಎಲ್ಲದರ ಮೇಲೂ ಕೂತು ನೋಡಬೇಕು. ಕೂತು, ಬೆನ್ನು ಒರಗಿಸಿ, ಸೊಂಟವನ್ನು ಒಮ್ಮೆ ಎಡಕ್ಕೆ ಒಮ್ಮೆ ಬಲಕ್ಕೆ ಅಲ್ಲಾಡಿಸಿ ಎದ್ದುಬಿಡುವುದು. ಟಕ್ ಅಂದರೆ ಬೋಲ್ಟು ಸಡಿಲ. ಕಿರ್ ಅಂದರೆ ಪ್ಲಾಸ್ಟಿಕ್ಕಿನಲ್ಲಿ ಬಿರುಕು. ಏನೂ ಅನ್ನದಿದ್ದರೆ ಪಕ್ಕದ್ದು. ಒಂದಕ್ಕೆ ಐದು ಸೆಕೆಂಡಿಗಿಂತ ಜಾಸ್ತಿ ಅವನು ಕೊಡುವುದಿಲ್ಲ, ಕೊಡೋಕೆ ಅವನ ಕೈಲಿ ಆಗುವುದೂ ಇಲ್ಲ. ಪ್ಯಾಂಟಿನ ಬಲ ಜೇಬಿನಲ್ಲಿ ಹದಿಮೂರರ ಸ್ಪ್ಯಾನರ್, ಎಡ ಜೇಬಿನಲ್ಲಿ ನಾಲ್ಕಾರು ನಟ್ಟು. ಅವನು ಬರುತ್ತಿದ್ದಾನೆ ಅಂತ ಜನಕ್ಕೆ ಗೊತ್ತಾಗುವುದೇ ಆ ಜೇಬಿನ ಸದ್ದಿನಿಂದ.

ಮ್ಯಾಚಿನ ದಿನ ಕೂರುವುದೂ ಇಲ್ಲ. ಮೇಲೆ ಸಾವಿರಾರು ಜನ ಕುಣಿಯುತ್ತಿರುವಾಗ ಇವನು ಗ್ಯಾಲರಿಯ ಕೆಳಗಿನ ಓಣಿಯಲ್ಲಿ ಕಿವಿ ಮೇಲಕ್ಕೆ ಕೊಟ್ಟುಕೊಂಡು ಆ ತುದಿಯಿಂದ ಈ ತುದಿಗೆ ನಡೆಯುತ್ತಾನೆ. ಎಲ್ಲಿ ಟಕ್ ಅಂದರೂ ಓಡಬೇಕಲ್ಲ! ಹತ್ತೊಂಬತ್ತು ವರ್ಷ ಗ್ರೌಂಡಿನಲ್ಲಿ ಕೆಲಸ ಮಾಡಿಯೂ ಒಂದೇ ಒಂದು ಮ್ಯಾಚನ್ನು ಪೂರ್ತಿ ನೋಡಿದವನಲ್ಲ. ಮನೆಯಲ್ಲೂ ಇದೇ ಕಥೆ. ಊಟದ ತಟ್ಟೆ ಮುಂದೆ ಕೂತವನು ಎರಡು ತುತ್ತಿಗೆ ಎದ್ದು ಹೋಗಿ ಕಿಟಕಿಯ ಚಿಲಕ ಅಲ್ಲಾಡಿಸಿ ಬರುತ್ತಾನೆ.

"ರೀ, ನಿಮ್ಮನ್ನ ಕಟ್ಟಿಕೊಂಡ ಮೇಲೆ ನಾನು ನಿಮ್ಮ ಮುಖಕ್ಕಿಂತ ಬೆನ್ನೇ ಜಾಸ್ತಿ ನೋಡಿರೋದು," ಅನ್ನುತ್ತಾಳೆ ಹೆಂಡತಿ.

ಈ ಚಡಪಡಿಕೆಯೇನೋ ಹುಟ್ಟಿನಿಂದ ಬಂದದ್ದು. ಆದರೆ ಹೋದ ಎರಡು ವರ್ಷದಿಂದ ಅದಕ್ಕೊಂದು ಕಾರಣವೂ ಸೇರಿಕೊಂಡಿತ್ತು. ಆ ಕಾರಣ ಅಕ್ಕ.

ಅಕ್ಕ ಅವನಿಗಿಂತ ಹನ್ನೆರಡು ವರ್ಷಕ್ಕೆ ದೊಡ್ಡವಳು. ತಾಯಿ ಬೇಗ ತೀರಿಕೊಂಡದ್ದರಿಂದ ಸಾಕಿದ್ದು, ಬೈದದ್ದು, ಬಡಿದದ್ದು ಎಲ್ಲ ಅವಳೇ. ಹೊಲಿಗೆ ಮಷಿನ್ನಿನ ಮುಂದೆ ವಾರವಿಡೀ ಬಗ್ಗಿ ಕೂತು ಶಾಲೆ ಮಕ್ಕಳ ಯೂನಿಫಾರಂ ಹೊಲಿಯುತ್ತಿದ್ದವಳು, ಮ್ಯಾಚ್ ಇದ್ದ ದಿನ ಮಾತ್ರ ಕತ್ತರಿ ಬಿಸಾಕಿ ಎದ್ದುಬಿಡುತ್ತಿದ್ದಳು. ಆಗ ಗ್ರೌಂಡಿನಲ್ಲಿ ಕುರ್ಚಿ ಎಲ್ಲಿಂದ ಬರಬೇಕು? ಬರೀ ಸಿಮೆಂಟಿನ ಮೆಟ್ಟಿಲು, ನೂಕುನುಗ್ಗಲು. ಆರೇಳು ವರ್ಷದ ತಮ್ಮನನ್ನು ಹೆಗಲ ಮೇಲೆ ಕೂರಿಸಿಕೊಂಡು ಜನರ ನಡುವೆ ನಿಲ್ಲುತ್ತಿದ್ದಳು. ಅವಳು ಕುಳ್ಳಿ. ಮುಂದಿನವರ ಬೆನ್ನು ಬಿಟ್ಟರೆ ಅವಳಿಗೆ ಏನೂ ಕಾಣುತ್ತಿರಲಿಲ್ಲ. ಜನ ಹೋ ಅಂದ ಕೂಡಲೇ ಅವನ ಕಾಲು ಹಿಡಿದು ಅಲ್ಲಾಡಿಸಿ, "ಏನಾಯ್ತೋ? ಏನಾಯ್ತೋ? ಬೇಗ ಹೇಳೋ!" ಅಂತ ಕೇಳುತ್ತಿದ್ದಳು. ಅವನು ಕಂಡದ್ದಕ್ಕೆ ಉಪ್ಪು ಖಾರ ಹಚ್ಚಿ ಹೇಳುತ್ತಿದ್ದ. ಒಂದು ಸಲ ಗೋಲೇ ಆಗದೆ ಗೋಲ್ ಆಯಿತು ಅಂತ ಬಿಟ್ಟ ಪುಂಗಿಗೆ ಅವಳು ಆನಂದದಿಂದ ಕುಣಿದು, ಸುತ್ತಮುತ್ತಲಿನವರೆಲ್ಲ ಇವಳಿಗೇನಾಯಿತು ಅಂತ ತಿರುಗಿ ನೋಡಿದ್ದರು. ಆ ದಿನ ಮನೆಗೆ ಬಂದ ಮೇಲೆ ಬಿದ್ದ ಏಟು ಅವನಿಗಿನ್ನೂ ನೆನಪಿದೆ.

ಎಂಟು ವರ್ಷದ ಹಿಂದೆ ಅವಳಿಗೆ ರಸ್ತೆಯಲ್ಲಿ ಅಪಘಾತವಾಯಿತು. ಬೆನ್ನುಹುರಿಗೆ ಪೆಟ್ಟು ಬಿದ್ದು ಸೊಂಟದ ಕೆಳಗೆ ಸ್ವಾಧೀನ ಹೋಯಿತು. ವೀಲ್‌ಚೇರ್ ಬಂತು. ಅಳುವುದು ಕರೆಯುವುದು ಎಲ್ಲ ಮುಗಿಸಿ, ಮಷಿನ್ನಿಗೆ ಮೋಟಾರು ಹಾಕಿಸಿಕೊಂಡು ಮತ್ತೆ ಹೊಲಿಯೋಕೆ ಕೂತಳು. ಗಟ್ಟಿ ಹೆಂಗಸು. ಎರಡು ವರ್ಷದ ಹಿಂದೆ ತಮ್ಮನೇ ಹಟ ಹಿಡಿದು ಅವಳನ್ನು ಮ್ಯಾಚಿಗೆ ಕರೆದುಕೊಂಡು ಹೋದ. ವೀಲ್‌ಚೇರಿನವರಿಗೆ ಅಂತ ಪೂರ್ವ ಗ್ಯಾಲರಿಯ ಕೆಳಹಂತದಲ್ಲಿ, ಕಡೇ ಸಾಲಿನ ಹಿಂದೆ, ಹಳದಿ ಗೆರೆ ಎಳೆದ ಒಂದು ಜಾಗ ಇತ್ತು. ಅಲ್ಲಿ ಅವಳನ್ನು ಬಿಟ್ಟು ಇವನು ತನ್ನ ಓಣಿಗೆ ಇಳಿದ. ಮ್ಯಾಚ್ ಮುಗಿದು ಬಂದಾಗ ಅವಳ ಮುಖ ಗಂಟಿಕ್ಕಿತ್ತು.

"ಹೇಗಿತ್ತಕ್ಕ?"

"ಚೆನ್ನಾಗಿತ್ತು. ಹನ್ನೊಂದು ಪ್ಯಾಂಟಿನ ಜೇಬು ನೋಡಿದೆ. ಒಂದರಲ್ಲಿ ಹೊಲಿಗೆ ಬಿಟ್ಟಿತ್ತು," ಅಂದಳು. "ಎರಡು ಗೋಲ್ ಆಯ್ತಂತೆ. ಎಲ್ಲ ಎದ್ದು ನಿಂತ್ರಲ್ಲ, ನಾನು ಹೇಗೆ ಎದ್ದು ನಿಲ್ಲಲಿ?"

ಅವತ್ತಿನಿಂದ ಗ್ರೌಂಡಿನ ಕಡೆ ತಲೆ ಹಾಕಲಿಲ್ಲ. ಮ್ಯಾಚಿನ ದಿನ ರೇಡಿಯೋ ಹಾಕಿಕೊಂಡು ಕಾಜ ಹೊಲಿಯುತ್ತಿದ್ದಳು. ಅದು ಚಕ್ರಣ್ಣನ ಎದೆಯಲ್ಲಿ ಮುಳ್ಳಿನ ಹಾಗೆ ಕೂತುಬಿಟ್ಟಿತು. ಹನ್ನೊಂದು ಸಾವಿರದ ನಾನೂರು ಜನಕ್ಕೆ ಜಾಗ ನೋಡಿಕೊಳ್ಳುವವನು ನಾನು, ನನ್ನಕ್ಕನಿಗೊಂದು ಜಾಗ ಇಲ್ಲವಲ್ಲ! ಓಣಿಯಲ್ಲಿ ನಡೆಯುವಾಗ ಮೇಲೆ ಹೋ ಅಂತ ಸದ್ದಾದರೆ ಮೊದಲು ಅವನ ಕಿವಿ ಬೋಲ್ಟಿಗೆ ಹೋಗುತ್ತಿತ್ತು, ಈಗ ಅಕ್ಕನ ರೇಡಿಯೋ ನೆನಪಾಗುತ್ತಿತ್ತು.

ಹೀಗಿರುವಾಗ ಗ್ರೌಂಡಿಗೆ ಹೊಸ ಮ್ಯಾನೇಜರ್ ಮೇಡಂ ಬಂದರು. ನೋಡಲು ಬರುವವರ ಅನುಭವ ಸುಧಾರಿಸಬೇಕು ಅನ್ನುವುದೇ ಅವರ ಕೆಲಸ. ಬಾಯಿ ತೆಗೆದರೆ ಅನುಭವ. ಟಿಕೆಟ್ ಕೊಳ್ಳುವ ಅನುಭವ, ಒಳಗೆ ಬರುವ ಅನುಭವ, ಶೌಚಾಲಯಕ್ಕೆ ಹೋಗುವ ಅನುಭವ. ಗೇಟಿನವನಿಗೆ ಎಲ್ಲರೂ 'ಒಂಟೆ' ಅನ್ನುತ್ತಿದ್ದರು, ಆರೂಕಾಲು ಅಡಿ ಆಳು. ಅವನಂತೂ, "ನಮಗೆ ಮನೆಗೆ ಹೋಗೋ ಅನುಭವ ಯಾವಾಗ ಮೇಡಂ?" ಅಂತ ಕೇಳಿ ಉಗಿಸಿಕೊಂಡ. ಆದರೆ ಹೆಂಗಸು ಕೆಟ್ಟವರಲ್ಲ. ದೊಡ್ಡ ಪರದೆ, ಹಾಡು, ಬಣ್ಣದ ಲೈಟು, ಫೋನಿನಲ್ಲೇ ಟಿಕೆಟ್ಟು ಅಂತ ಪಟ್ಟಿ ಓದಿದ ಮೇಲೆ ಕೆಲಸಗಾರರನ್ನೆಲ್ಲ ಸೇರಿಸಿ, "ನಿಮಗೇನಾದ್ರೂ ಹೇಳೋದಿದ್ಯಾ?" ಅಂತ ಕೇಳಿದರು. ಇಷ್ಟು ವರ್ಷದಲ್ಲಿ ಆ ಮಾತನ್ನು ಕೇಳಿದವರು ಅವರೊಬ್ಬರೇ.

ಚಕ್ರಣ್ಣ ಅಷ್ಟರಲ್ಲಾಗಲೇ ಎದ್ದು ನಿಂತಿದ್ದ. ಕೂತಿದ್ದರೆ ತಾನೇ!

"ಮೇಡಂ, ಹಳದಿ ಗೆರೆ ಜಾಗದಲ್ಲಿ ಕೂತೋರಿಗೆ ಗೋಲ್ ಕಾಣಲ್ಲ. ಪರದೆ ಆಮೇಲೆ ಹಾಕೋಣ. ಮೊದಲು ಅವರಿಗೆ ಗ್ರೌಂಡ್ ಕಾಣೋ ಹಾಗೆ ಮಾಡೋಣ."

"ಏನು ಮಾಡಬೇಕು ಹೇಳಿ."

"ಒಂದು ಕಟ್ಟೆ ಕಟ್ಟಿ ಎತ್ತರಿಸಿದ್ರೆ ಸಾಕು. ಅಳತೆ ನಾನು ಕೊಡ್ತೀನಿ."

ಮೇಡಂ ಒಪ್ಪಿಯೇಬಿಟ್ಟರು. ಚಕ್ರಣ್ಣನಿಗೆ ಆ ವಾರ ಕಾಲು ನೆಲಕ್ಕೆ ತಾಗಲಿಲ್ಲ. ಬುಧವಾರ ಬೆಳಿಗ್ಗೆ ಪ್ರಥಮ ಚಿಕಿತ್ಸೆಯ ಕೋಣೆಯಿಂದ ವೀಲ್‌ಚೇರ್ ತಂದು ಹಳದಿ ಗೆರೆಯಲ್ಲಿಟ್ಟು, ತಾನೇ ಅದರಲ್ಲಿ ಕೂತ. ಕೆಳಗೆ ಇಟ್ಟಿಗೆ ಜೋಡಿಸಿ, ಹಲಗೆ ಹಾಕಿ, ಕೂತು ನೋಡಿ, ಎದ್ದು, ಇನ್ನೆರಡು ಇಟ್ಟಿಗೆ ಏರಿಸಿ, ಮತ್ತೆ ಕೂತು ನೋಡಿದ. ಒಂದೂವರೆ ಅಡಿಗೆ ಬಂದಾಗ ಮುಂದಿನ ಕುರ್ಚಿಗಳ ಮೇಲಿಂದ ಎರಡೂ ಗೋಲ್ ಕಂಬಗಳು, ಮಧ್ಯದ ಸುಣ್ಣದ ಗೆರೆ, ಮೂಲೆಯ ಬಾವುಟ ಎಲ್ಲ ಕಂಡವು. ಒಂಟೆಯನ್ನು ಕರೆದು ಮುಂದಿನ ಸಾಲಿನಲ್ಲಿ ಕೂರಿಸಿದ. ಆ ಉದ್ದ ತಲೆಯ ಮೇಲಿಂದಲೂ ಕಂಡಿತು. "ಗೆದ್ದೆ!" ಅಂತ ತೊಡೆ ತಟ್ಟಿದ. ಎರಡು ವಾರದಲ್ಲಿ ಕಬ್ಬಿಣದ ಕಟ್ಟೆ ಆಯಿತು, ಅದಕ್ಕೊಂದು ಇಳಿಜಾರು, ನೀಲಿ ಬಣ್ಣ.

ಅಕ್ಕನನ್ನು ಒಪ್ಪಿಸುವುದು ಕಟ್ಟೆ ಕಟ್ಟಿಸುವುದಕ್ಕಿಂತ ಕಷ್ಟವಾಯಿತು.

"ನಾನು ಆ ಗ್ರೌಂಡಿಗೆ ಇನ್ನು ಕಾಲಿಡಲ್ಲ ಅಂದಿದ್ದೆ," ಅಂದಳು.

"ಕಾಲಿಡಬೇಡ. ಗಾಡಿ ತಳ್ಳೋನು ನಾನು."

"ಅಬ್ಬಾ, ನಾಲಿಗೆ ನೋಡು! ಥೇಟ್ ನಂದೇ," ಅಂತ ನಕ್ಕು ಬಂದಳು.

ಆ ದಿನ ಇಪ್ಪತ್ತು ನಿಮಿಷ ಎಲ್ಲ ಸೊಗಸಾಗಿತ್ತು. ಮುಂದಿನವರು ಕೂತಿದ್ದರು, ಅಕ್ಕನಿಗೆ ಇಡೀ ಗ್ರೌಂಡು ಅಂಗೈಯಲ್ಲಿಟ್ಟ ಹಾಗೆ ಕಾಣುತ್ತಿತ್ತು. ಚಕ್ರಣ್ಣ ಓಣಿಯಿಂದ ಮೂರು ಸಲ ಮೇಲೆ ಬಂದು ಅವಳ ಮುಖ ನೋಡಿ ಹೋದ. ಇಪ್ಪತ್ತೊಂದನೇ ನಿಮಿಷಕ್ಕೆ ನಮ್ಮವರಿಗೆ ಕಾರ್ನರ್ ಸಿಕ್ಕಿತು. ಇಡೀ ಗ್ಯಾಲರಿ ಎದ್ದು ನಿಂತಿತು. ಚೆಂಡು ಬಂತು, ಜನ ಹೋ ಅಂದರು, ತಬ್ಬಿಕೊಂಡರು, ಶಾಲು ಬೀಸಿದರು. ಅಕ್ಕ ಕೈಯೂರಿ ಕತ್ತು ಚಾಚಿದಳು. ಎಡಕ್ಕೆ ಬಾಗಿದಳು, ಬಲಕ್ಕೆ ಬಾಗಿದಳು. ಬೆನ್ನು, ಬೆನ್ನು, ಒಂದು ಬೆಲ್ಟು, ಇನ್ನೊಂದು ಬೆನ್ನು. ನಾಲ್ಕನೇ ಸಲ ಮೇಲೆ ಬಂದ ಚಕ್ರಣ್ಣ ಇದನ್ನೆಲ್ಲ ಮೆಟ್ಟಿಲ ಮೇಲೆ ನಿಂತು ಕಂಡ.

ಮೇಡಂ ಬೇರೆ ಅದೇ ಹೊತ್ತಿಗೆ ಕೈಯಲ್ಲಿ ಕಾಗದ ಹಿಡಿದುಕೊಂಡು ಬಂದರು. "ಹೇಗಿದೆ ಅನುಭವ? ಐದಕ್ಕೆ ಎಷ್ಟು ಕೊಡ್ತೀರಿ?"

"ಕೂತಾಗ ಐದು, ಗೋಲ್ ಆದಾಗ ಸೊನ್ನೆ," ಅಂದಳು ಅಕ್ಕ. ಆಮೇಲೆ ತಮ್ಮನ ಕಡೆ ತಿರುಗಿ, "ಮನೆಗೆ ಹೋಗೋಣ" ಅಂದಳು.

ಸಂಜೆ ಮನೆಯಲ್ಲಿ ಜಗಳ. ಚಕ್ರಣ್ಣನ ಪಿತ್ತ ನೆತ್ತಿಗೇರಿತ್ತು. ಬಾಗಿಲಿಂದ ಕಿಟಕಿಗೆ, ಕಿಟಕಿಯಿಂದ ಬಾಗಿಲಿಗೆ ಓಡಾಡುತ್ತ ಎದ್ದು ನಿಂತ ಜನಕ್ಕೆಲ್ಲ ಬೈದ. "ಕೂತು ನೋಡೋಕೆ ಏನು ರೋಗ ಅವರಿಗೆ? ಕುರ್ಚಿ ಹಾಕಿಸಿಲ್ವಾ? ಒಂದೊಂದನ್ನೂ ನಾನು ಕೂತು ನೋಡಿಲ್ವಾ?"

ಅಕ್ಕ ಒಂದು ಅಂಗಿಯ ತೋಳನ್ನು ಬಿಚ್ಚುತ್ತಿದ್ದಳು. ದಾರ ಕಚ್ಚಿ ತುಂಡರಿಸಿ, "ಸಾಕು ನಿಲ್ಲಿಸೋ," ಅಂದಳು. "ಗೋಲ್ ಆದಾಗ ಎದ್ದೇಳದೆ ಇರೋಕೆ ಅವರೇನು ಕಲ್ಲಾ? ನನಗೆ ಕಾಲಿದ್ದಿದ್ರೆ ನಾನೇ ಮೊದಲು ಏಳ್ತಿದ್ದೆ. ತಪ್ಪು ಅವರದ್ದಲ್ಲ, ನಿಂದು. ಅಳತೆ ಯಾವಾಗ ತಗೊಂಡೆ?"

"ಬುಧವಾರ."

"ಗ್ರೌಂಡಲ್ಲಿ ಯಾರಿದ್ರು?"

"ಯಾರಿರ್ತಾರೆ? ನಾನು, ಒಂಟೆ."

"ಒಂಟೆ ನಿಂತಿದ್ನಾ, ಕೂತಿದ್ನಾ?"

ಚಕ್ರಣ್ಣ ನಾಲಿಗೆ ಕಚ್ಚಿಕೊಂಡ. ಓಡಾಟ ನಿಂತೇ ಹೋಯಿತು.

"ಹ್ಯಾಂಗರಿಗೆ ಅಳತೆ ಹಿಡಿದು ಅಂಗಿ ಹೊಲಿದ ಹಾಗಾಯ್ತು," ಅಂದಳು ಅಕ್ಕ. "ಹತ್ತೊಂಬತ್ತು ವರ್ಷ ಖಾಲಿ ಗ್ರೌಂಡಲ್ಲಿ ಕೂತು ಎದ್ದು ಮಾಡಿದ್ದೀಯ. ಜನ ತುಂಬಿದಾಗ ಒಂದು ಸಲ ಕೂತು ನೋಡಿದ್ದೀಯಾ? ಬೆಪ್ಪುತಕ್ಕಡಿ."

ಅವನ ಕಣ್ಣಲ್ಲಿ ನೀರು ಬಂತು. ಅಕ್ಕನಿಗೂ ಪಾಪ ಅನ್ನಿಸಿರಬೇಕು. ಅಂಗಿ ಪಕ್ಕಕ್ಕಿಟ್ಟಳು.

"ನೋಡು, ನನಗೂ ಆಸೆ ಇದೆ ಕಣೋ. ಒಂದೇ ಒಂದು ಗೋಲನ್ನ ಈ ಕಣ್ಣಲ್ಲಿ ನೋಡಬೇಕು ಅಂತ. ಆಗ ನೀನು ಹೆಗಲ ಮೇಲಿದ್ದೆ, ಆಮೇಲೆ ಎದ್ದು ನಿಂತ್ರೂ ಈ ಕುಳ್ಳಿಗೆ ಬೆನ್ನೇ ಕಂಡಿದ್ದು, ಈಗ ಕುರ್ಚಿ ಕೆಳಗಿದೆ. ಯಾವತ್ತು ನೋಡಿದ್ದೀನಿ ಹೇಳು? ಇನ್ನೊಂದೇ ಒಂದು ಸಲ ಬರ್ತೀನಿ. ಅವತ್ತೂ ಜೇಬೇ ಕಂಡ್ರೆ ಮತ್ತೆ ಈ ಮಾತು ಎತ್ತಬಾರದು. ಎತ್ತಿದ್ರೆ ಕತ್ತರಿ ಎಸೀತೀನಿ."

ಸೀಸನ್ನಿನ ಕೊನೇ ಮ್ಯಾಚಿಗೆ ಮೂರು ವಾರ ಇತ್ತು.

ಮರುದಿನದಿಂದ ಚಕ್ರಣ್ಣನ ಸ್ಥಿತಿ ಕೇಳಬಾರದು. ಊಟ ಬೇಡ, ಮಾತು ಬೇಡ. ಸ್ಪ್ಯಾನರ್ ಜೇಬಲ್ಲಿದ್ದರೂ ಹುಡುಕುತ್ತಾನೆ. ಮಂಗಳವಾರ ಅಕ್ಕನನ್ನೇ ಗ್ರೌಂಡಿಗೆ ಕರೆದುಕೊಂಡು ಬಂದ. ಅವಳು ಕೊರಳಿಗೆ ಹೊಲಿಗೆಯ ಟೇಪು ಹಾಕಿಕೊಂಡೇ ಬಂದಳು. ಗೇಟಿನವರು, ಗುಡಿಸುವ ಹೆಂಗಸರು, ಟಿಕೆಟ್ ಕಿಂಡಿಯವರು, ಹುಲ್ಲು ಕತ್ತರಿಸುವವನು, ಹೀಗೆ ಇಪ್ಪತ್ತಾರು ಜನರನ್ನು ಬೇಡಿ ಕಾಡಿ ಕಟ್ಟೆಯ ಮುಂದಿನ ಎರಡು ಸಾಲಿನಲ್ಲಿ ಕೂರಿಸಿದ್ದ.

"ನಾನು ಗೋಲ್ ಅಂದಾಗ ಎಲ್ಲ ಎದ್ದು ಕೈಯೆತ್ತಿ ಕುಣೀಬೇಕು," ಅಂತ ಅಪ್ಪಣೆ ಮಾಡಿದಳು ಅಕ್ಕ. "ಗೋಲ್!"

ಜನ ನಾಚಿಕೊಂಡು ಅರ್ಧಂಬರ್ಧ ಎದ್ದರು.

"ಇದೇನ್ರೀ, ಬಸ್ಸಲ್ಲಿ ಸೀಟ್ ಬಿಟ್ಟುಕೊಟ್ಟ ಹಾಗೆ ಏಳ್ತೀರಾ? ಕೊನೇ ನಿಮಿಷ, ನಮ್ಮವರು ಒಂದು ಗೋಲ್ ಹಿಂದಿದ್ದಾರೆ, ಈಗ ಹೊಡೆದ್ರು. ಗೋಲ್!"

ಈ ಸಲ ಗ್ಯಾಲರಿ ನಡುಗಿತು. ಗುಡಿಸುವ ಅಜ್ಜಿಯೊಬ್ಬಳು ಪೊರಕೆ ಎತ್ತಿ ತಿರುಗಿಸಿದಳು. ಸದ್ದಿಗೆ ಮೇಡಂ ಆಫೀಸಿನಿಂದ ಓಡಿಬಂದರು. ಚಕ್ರಣ್ಣ ಅಕ್ಕನ ಕಣ್ಣಿನ ಮಟ್ಟದಿಂದ ಒಂಟೆಯ ಬೆರಳ ತುದಿಯವರೆಗೆ ಟೇಪು ಹಿಡಿದ. ಲೆಕ್ಕ ಹಾಕಿದರೆ ಕಟ್ಟೆ ಇನ್ನೂ ನಾಲ್ಕಡಿ ಏರಬೇಕು.

"ಆಗಲ್ಲ," ಅಂದರು ಮೇಡಂ. ಅವರ ದನಿಯಲ್ಲೂ ಸಂಕಟ ಇತ್ತು. "ಒಂದಡಿ ಏರಿಸಿದ್ರೆ ಹನ್ನೆರಡು ಅಡಿ ಇಳಿಜಾರು ಬೇಕು. ನಾಲ್ಕಕ್ಕೆ ನಲವತ್ತೆಂಟು. ಇಲ್ಲಿ ಗೋಡೆವರೆಗೆ ಇಪ್ಪತ್ತಡಿನೂ ಇಲ್ಲ. ಕಡಿದಾದ ಇಳಿಜಾರಲ್ಲಿ ಗಾಡಿ ಉರುಳಿದ್ರೆ ಯಾರು ಹೊಣೆ?"

"ಮುಂದಿನ ಎರಡು ಸಾಲು ಕುರ್ಚಿ ಕಿತ್ತು ಹಾಕ್ತೀನಿ ಮೇಡಂ, ಒಂದೇ ದಿನದ ಕೆಲಸ."

"ಅವುಗಳ ಮುಂದಿನವರು ಎದ್ದು ನಿಲ್ಲಲ್ವಾ? ಕಿತ್ತಷ್ಟೂ ಮುಂದಿನ ಸಾಲು ಇದ್ದೇ ಇರುತ್ತೆ."

ಮಾತು ಸರಿಯಾಗಿತ್ತು, ಅದಕ್ಕೇ ಅವನಿಗೆ ಮೈ ಉರಿಯಿತು. ಸ್ಪ್ಯಾನರನ್ನು ಕಟ್ಟೆಯ ಮೇಲೆ ಕುಕ್ಕಿ, ಇಳಿಜಾರಿನಲ್ಲಿ ಮೇಲೆ ಕೆಳಗೆ ಓಡಾಡತೊಡಗಿದ. ಕುಣಿದ ಜನ ಬೆವರು ಒರೆಸಿಕೊಂಡು ಒಬ್ಬೊಬ್ಬರಾಗಿ ಕೆಲಸಕ್ಕೆ ಹೋದರು. ಅಕ್ಕ ಮಾತ್ರ ಕುರ್ಚಿಯಲ್ಲಿ ಹಿಂದಕ್ಕೆ ಒರಗಿ, ಬಟ್ಟೆಯಲ್ಲಿ ಕಲೆ ಹುಡುಕುವವಳ ಹಾಗೆ ಗ್ಯಾಲರಿಯನ್ನು ಮೇಲಿಂದ ಕೆಳಗೆ ನೋಡುತ್ತಿದ್ದಳು.

"ಲೋ, ಅದೇನೋ ಅಲ್ಲಿ ಮೇಲೆ, ನೀಲಿ ಟಾರ್ಪಾಲು ಹೊದಿಸಿದ ಗುಡ್ಡೆ?"

ಗ್ಯಾಲರಿಯ ನಡುಮಟ್ಟದಲ್ಲಿ ಅಡ್ಡಕ್ಕೊಂದು ಅಗಲವಾದ ನಡೆದಾರಿ ಇದೆ. ಕೆಳಗಿನ ಓಣಿಯಿಂದ ಜನ ಗ್ಯಾಲರಿಗೆ ಹೊರಬರುವ ದೊಡ್ಡ ಕಿಂಡಿಗಳಿಗೆ ಗ್ರೌಂಡಿನವರು 'ಬಾಯಿ' ಅನ್ನುತ್ತಾರೆ. ಒಟ್ಟು ಇಪ್ಪತ್ತೆರಡು ಬಾಯಿಗಳಲ್ಲಿ ಈ ಹದಿನಾರನೆಯದು ಎಲ್ಲಕ್ಕಿಂತ ಅಗಲ. ಅದರ ನೆತ್ತಿಯ ಮೇಲೆ, ನಡೆದಾರಿಗೆ ಅಂಟಿಕೊಂಡು, ಕಬ್ಬಿಣದ ಕಟಕಟೆ ಹಾಕಿದ ಒಂದು ಚಪ್ಪಟೆ ಜಾಗ. ಟಾರ್ಪಾಲು ಇದ್ದದ್ದು ಅಲ್ಲಿ.

"ಅದಾ? ನನ್ನ ಒಡೆದ ಕುರ್ಚಿಗಳು," ಅಂದ ಚಕ್ರಣ್ಣ ನಿಲ್ಲದೆಯೇ.

"ಎಷ್ಟು ದಿನದಿಂದ ಇದೆ?"

"ನಾನು ಕೆಲಸಕ್ಕೆ ಸೇರಿದಾಗಿಂದ."

"ಅದರ ಮುಂದೆ ಯಾರು ಕೂರ್ತಾರೆ?"

"ಯಾರೂ ಕೂರಲ್ಲ ಅಕ್ಕ, ಮುಂದೆ ನೆಲ ಎಲ್ಲಿದೆ? ಕೆಳಗೆ ಬಾಯಿ. ಜನ ಎಂಟಡಿ ಕೆಳಗೆ ನಡ್ಕೊಂಡು..."

ಅವನ ಮಾತು ಅರ್ಧಕ್ಕೆ ನಿಂತಿತು, ಕಾಲೂ ನಿಂತಿತು. ಮೇಡಂ ತಿರುಗಿ ಮೇಲೆ ನೋಡಿದರು. ಮೂವರೂ ಆ ಟಾರ್ಪಾಲನ್ನೇ ಬಾಯಿ ಬಿಟ್ಟುಕೊಂಡು ನೋಡಿದರು.

ಹನ್ನೊಂದು ಸಾವಿರದ ನಾನೂರು ಜಾಗದಲ್ಲಿ ಕೂತವನು ಅಲ್ಲೊಂದೇ ಕಡೆ ಕೂತಿರಲಿಲ್ಲ. ಯಾಕೆಂದರೆ ಅಲ್ಲಿ ಕುರ್ಚಿ ಇರಲಿಲ್ಲ! ಕುರ್ಚಿ ಇಲ್ಲದ ಕಡೆ ಕೂರಬೇಕು ಅಂತ ಅವನಿಗೆ ಯಾರೂ ಹೇಳಿರಲಿಲ್ಲ, ಅವನಿಗೂ ಹೊಳೆದಿರಲಿಲ್ಲ. ಕುರ್ಚಿಯನ್ನು ಮನೆಯಿಂದಲೇ ತರುವವರಿಗೆ ಬೇಕಾದದ್ದು ಬರೀ ನೆಲ ಅನ್ನುವುದು ಅವನ ತಲೆಗೆ ಹೋಗಲೇ ಇಲ್ಲ.

"ಅಲ್ಲಿಗೆ ಗಾಡಿ ಹತ್ತುತ್ತಾ?" ಅಂತ ಮೇಡಂ ಕೇಳಿದರು.

"ಹಿಂದುಗಡೆ ಸಾಮಾನು ಸಾಗಿಸೋ ಇಳಿಜಾರಿದೆ ಮೇಡಂ, ಉದ್ದಕ್ಕೆ ಮಲಗಿದೆ. ನನ್ನ ತಳ್ಳುಗಾಡಿ ಐವತ್ತು ಕುರ್ಚಿ ಹೊತ್ತುಕೊಂಡು ಹತ್ತುತ್ತೆ. ಅಕ್ಕ ಏನು ಐವತ್ತು ಕುರ್ಚಿ ಭಾರ ಇದ್ದಾಳಾ?"

"ನನ್ನ ಭಾರದ ಮಾತು ಬೇಡ," ಅಂದಳು ಅಕ್ಕ.

ಅವತ್ತೇ ತಳ್ಳಿಕೊಂಡು ಹೋಗಿ ನೋಡಿದರು. ಟಾರ್ಪಾಲನ್ನು ಒಂದು ಮೂಲೆಗೆ ಸರಿಸಿ, ಅಕ್ಕನ ಗಾಡಿಯನ್ನು ಕಟಕಟೆಗೆ ತಾಗಿಸಿ ನಿಲ್ಲಿಸಿ, ಹೋದ ಜನರನ್ನೆಲ್ಲ ಮತ್ತೆ ಕರೆದು ಕೆಳಗೆ ಕುಣಿಸಿದರು. ಒಂಟೆ ಎಗರಿ ಎಗರಿ ಬಿದ್ದ. ಅವನ ಬೆರಳು ಅಕ್ಕನ ಮೊಣಕಾಲಿನ ಮಟ್ಟಕ್ಕೂ ಬರಲಿಲ್ಲ. ಪೊರಕೆಯ ಅಜ್ಜಿ, "ಇನ್ನೊಂದು ಸಲ ಕುಣಿ ಅಂದ್ರೆ ನಾನು ಕೆಲಸಾನೇ ಬಿಡ್ತೀನಿ," ಅಂತ ಕೂತೇಬಿಟ್ಟಳು.

ಒಡೆದ ಕುರ್ಚಿಗಳನ್ನು ಇಳಿಸೋಕೆ ನಾಲ್ಕು ದಿನ ಹಿಡಿಯಿತು. ಹತ್ತೊಂಬತ್ತು ವರ್ಷದ ರಾಶಿ, ಬೇಕಾದೀತು ಅಂತ ಇಟ್ಟದ್ದು, ಒಂದಕ್ಕೂ ಕೈ ಹಾಕಿದ್ದಿಲ್ಲ. ಒಂದೊಂದನ್ನು ಎತ್ತುವಾಗಲೂ ಚಕ್ರಣ್ಣ ತನಗೆ ತಾನೇ ಬೈದುಕೊಂಡ. ಮೇಡಂ ನೆಲ ತೊಳೆಸಿ, ಕಟಕಟೆಯ ಮೇಲ್ಗಂಬಿ ಕಣ್ಣಿಗೆ ಅಡ್ಡ ಬಾರದ ಹಾಗೆ ಬದಲಾಯಿಸಿ, ನಾಲ್ಕು ವೀಲ್‌ಚೇರಿಗೆ ಜಾಗ ಮಾಡಿದರು. ಪ್ರತಿಯೊಂದರ ಪಕ್ಕಕ್ಕೂ ಒಂದೊಂದು ಕುರ್ಚಿ, ಜೊತೆಗೆ ಬಂದವರಿಗೆ. ಜೊತೆಗಾರರು ಮ್ಯಾಚ್ ಮುಗಿಯುವ ತನಕ ಅಲ್ಲೇ ಕೂತಿರಬೇಕು ಅಂತ ನಿಯಮ ಬೇರೆ ಬರೆದು ಅಂಟಿಸಿದರು. ಅದನ್ನು ಓದಿ ಚಕ್ರಣ್ಣನಿಗೆ ಬೆವರು ಇಳಿಯಿತು.

"ಮೇಡಂ, ನಾನು ಓಣಿಯಲ್ಲಿ ಇರಬೇಕಲ್ಲ?"

"ಅವತ್ತು ನಿಮಗೆ ರಜೆ. ಅಕ್ಕನ ಪಕ್ಕ ಕೂತು ಮ್ಯಾಚ್ ನೋಡಿ. ನಿಮಗೂ ಒಂದು ಅನುಭವ ಆಗಲಿ."

ಕೊನೇ ಮ್ಯಾಚಿನ ದಿನ ಗ್ರೌಂಡು ತುಂಬಿ ತುಳುಕುತ್ತಿತ್ತು. ಹದಿನಾರನೇ ಬಾಯಿಯ ಮೇಲೆ ಅಕ್ಕ, ಒಬ್ಬ ನಿವೃತ್ತ ಮೇಷ್ಟ್ರು, ಒಬ್ಬಳು ಕಾಲೇಜು ಹುಡುಗಿ. ಅಕ್ಕ ಇಸ್ತ್ರಿ ಮಾಡಿದ ಸೀರೆ ಉಟ್ಟು, ತಂಡದ ಬಣ್ಣದ ಶಾಲು ತಾನೇ ಹೊಲಿದು ಹೊದ್ದುಕೊಂಡು ಬಂದಿದ್ದಳು. ಪಕ್ಕದಲ್ಲಿ ಚಕ್ರಣ್ಣ ಕೂತಿದ್ದ. ಕೂತಿದ್ದ ಅನ್ನುವುದು ಮರ್ಯಾದೆಗೆ ಹೇಳುವ ಮಾತು. ಕುರ್ಚಿಯ ತುದಿಯಲ್ಲಿ ತೂಗಾಡುತ್ತಿದ್ದ, ಎರಡೂ ಮೊಣಕಾಲು ಹೊಲಿಗೆ ಮಷಿನ್ನಿನ ಸೂಜಿಯ ಹಾಗೆ ಕುಟ್ಟುತ್ತಿದ್ದವು.

"ನಿನ್ನ ಕಾಲಾಟಕ್ಕೆ ನನ್ನ ಗಾಡಿ ಅಲ್ಲಾಡ್ತಿದೆ," ಅಂತ ಅಕ್ಕ ಅವನ ಮೊಣಕಾಲಿನ ಮೇಲೆ ಕೈಯಿಟ್ಟು ಒತ್ತಿ ಹಿಡಿದಳು.

ಕಾರ್ನರ್ ಬಂತು, ಜನ ಎದ್ದರು. ಚಕ್ರಣ್ಣ ಉಸಿರು ಬಿಗಿಹಿಡಿದು ಅಕ್ಕನ ಕಡೆ ನೋಡಿದ. "ಕಾಣ್ತಿದೆ ಕಣೋ, ಕಾಣ್ತಿದೆ, ನನ್ನನ್ನೇನು ನೋಡ್ತೀಯ, ಅಲ್ಲಿ ನೋಡು," ಅಂತ ಬೈದಳು. ಆದರೆ ಗೋಲ್ ಆಗಲಿಲ್ಲ. ಅರ್ಧ ಆಟ ಕಳೆಯಿತು, ಗೋಲಿಲ್ಲ. ಅರವತ್ತು ನಿಮಿಷ, ಎಪ್ಪತ್ತು ನಿಮಿಷ. ಎರಡೂ ಕಡೆ ಸೊನ್ನೆ. ಚಕ್ರಣ್ಣನಿಗೆ ಹೊಸ ದಿಗಿಲು ಹತ್ತಿತು. ಜಾಗ ಸಿಕ್ಕಿತು, ಕಟಕಟೆ ಆಯಿತು, ಎಲ್ಲ ಆಯಿತು, ಈ ದರಿದ್ರ ಆಟಗಾರರು ಗೋಲನ್ನೇ ಹೊಡೆಯದಿದ್ದರೆ? ಮುಂದಿನ ಸೀಸನ್ ಅಂದರೆ ಏಳು ತಿಂಗಳು. ಅಕ್ಕನ 'ಒಂದೇ ಒಂದು ಸಲ' ಇವತ್ತೇ ಮುಗಿದುಹೋದರೆ?

ಎಂಬತ್ತೊಂದನೇ ನಿಮಿಷ. ಟಕ್.

ಬಾಯಿಯ ಎಡಪಕ್ಕದ ಸಾಲು, ಐದಾರು ಅಡಿ ಕೆಳಗೆ. ಅಷ್ಟು ಗದ್ದಲದಲ್ಲೂ ಅವನ ಕಿವಿಗೆ ಬಿತ್ತು. ಬಗ್ಗಿ ನೋಡಿದರೆ ದಢೂತಿ ಮನುಷ್ಯನೊಬ್ಬ ಕೂತ ಕುರ್ಚಿ ಒಂದು ಕಡೆಗೆ ವಾಲುತ್ತಿದೆ. ಅವನು ಎದ್ದು ಕುಣಿದು ಧೊಪ್ಪನೆ ಕೂತರೆ ಕಥೆ ಮುಗಿಯಿತು. ಚಕ್ರಣ್ಣನ ಕೈ ತಾನಾಗಿ ಜೇಬಿಗೆ ಹೋಯಿತು. ರಜೆಯಾದರೂ ಸ್ಪ್ಯಾನರ್ ಮನೆಯಲ್ಲಿ ಬಿಟ್ಟು ಬಂದಿರಲಿಲ್ಲ.

"ಅಕ್ಕ..."

"ಬೋಲ್ಟಾ?"

"ಹೂಂ."

"ಹೋಗು ಮಾರಾಯ, ಇಲ್ಲಾಂದ್ರೆ ಇಲ್ಲೇ ಪ್ರಾಣ ಬಿಡ್ತೀಯ. ನಿಯಮ ನಾನು ನೋಡ್ಕೋತೀನಿ."

ಎರಡೆರಡು ಮೆಟ್ಟಿಲು ಹಾರಿ ಇಳಿದ. ದಢೂತಿಯನ್ನು ಎಬ್ಬಿಸಿ, ಮಂಡಿಯೂರಿ ಕುರ್ಚಿಯ ಕೆಳಗೆ ತಲೆ ತೂರಿಸಿ, ನಟ್ಟಿಗೆ ಸ್ಪ್ಯಾನರ್ ಹಾಕಿ ತಿರುಗಿಸಿದ. ಒಂದು ಸುತ್ತು, ಎರಡು ಸುತ್ತು. ಮೂರನೇ ಸುತ್ತಿಗೆ ಗ್ಯಾಲರಿ ಹೂಂಕರಿಸಿತು. ಸುತ್ತಲಿನವರೆಲ್ಲ ಒಮ್ಮೆಗೇ ಎದ್ದು ನಿಂತರು. ಅವನು ತಲೆ ಹೊರಗೆಳೆದು, ಮಂಡಿಯ ಮೇಲೆ ಕೂತಲ್ಲಿಂದಲೇ ಮುಂದಕ್ಕೆ ನೋಡಿದ.

ಪ್ಯಾಂಟುಗಳು. ಬೆಲ್ಟು, ಜೇಬು, ಬೆನ್ನು, ಮತ್ತೊಂದು ಜೇಬು. ಎಡಕ್ಕೆ ಬಾಗಿದ, ಬಲಕ್ಕೆ ಬಾಗಿದ. ಬೆನ್ನು. ಮೇಲಿನಿಂದ ಸಿಡಿಲು ಬಡಿದ ಹಾಗೆ ಸದ್ದು, ಯಾರೋ ಅವನ ಕೈ ತುಳಿದರು, ಯಾರೋ ಅಳುತ್ತಿದ್ದರು, ಅವನಿಗೊಬ್ಬನಿಗೇ ಏನೂ ಗೊತ್ತಿಲ್ಲ. ಇಷ್ಟಾ, ಅಂದುಕೊಂಡ. ಅಕ್ಕನಿಗೆ ಕಾಣುತ್ತಿದ್ದದ್ದು ಇಷ್ಟೇನಾ? ಏಳಬೇಕು ಅನ್ನುವುದೂ ಮರೆತು, ಆ ಕಾಲುಗಳ ಕಾಡಿನಿಂದ ಕತ್ತೆತ್ತಿ, ಗಂಟಲು ಹರಿಯುವ ಹಾಗೆ ಕೂಗಿದ:

"ಅಕ್ಕಾ! ಏನಾಯ್ತೇ? ಏನಾಯ್ತು?"

ಮೇಲೆ, ಬಾಯಿಯ ನೆತ್ತಿಯಲ್ಲಿ, ಅಕ್ಕ ಕಟಕಟೆಯ ಕಂಬಿಯನ್ನು ಎರಡೂ ಕೈಯಲ್ಲಿ ಹಿಡಿದುಕೊಂಡು ಮುಂದಕ್ಕೆ ಬಾಗಿದ್ದಳು. ಶಾಲು ಜಾರಿ ಬಿದ್ದಿತ್ತು. ಕೆನ್ನೆ ಒದ್ದೆಯಾಗಿತ್ತು.

"ಗೋಲ್ ಕಣೋ! ಅಲ್ಲೇ ಇರು, ಹೇಳ್ತೀನಿ ಕೇಳು!" ಅಂತ ಕೂಗಿದಳು. "ಎಡಗಡೆಯಿಂದ ಆ ಗಿಡ್ಡ ಬಂದ. ಒಬ್ಬನ್ನ ದಾಟಿದ. ಇನ್ನೊಬ್ಬನ್ನ ದಾಟಿದ. ಗೋಲ್‌ಕೀಪರ್ ಮುಂದೆ ಬಂದ. ಇವನು ಒದೀಲೇ ಇಲ್ಲ ಕಣೋ, ಸುಮ್ಮನೆ ಮೆತ್ತಗೆ ತಳ್ಳಿದ. ಚೆಂಡು ಉರುಳಿಕೊಂಡು, ಉರುಳಿಕೊಂಡು ಹೋಯ್ತು. ನಾನು ನೋಡಿದೆ!"